ಹಸಿರು ಬೊಟ್ಟು

ಹೊಳೆ ಮೊಣಕಾಲಿಗೆ ಬಂತೆಂದು ಸೋದರಮಾವ ಗಿರಮಲ್ಲಪ್ಪ ಫೋನಿನಲ್ಲಿ ಹೇಳುವಾಗಲೂ ಪರಮೇಶನ ಕಂಪ್ಯೂಟರಿನ ತೆರೆಯ ಮೇಲೆ ಹಸಿರು ಬೊಟ್ಟು ಹಾಗೆಯೇ ಇತ್ತು. ಅದರ ಕೆಳಗೆ ಅವನೇ ಬರೆದ ಮಾತು: ದಂಡೆ ಸುರಕ್ಷಿತ.

"ನಿನ್ನ ಬೊಟ್ಟ ನೋಡೇ ನಡಗಡ್ಡ್ಯಾಗ ಕುರಿ ತರುಬೀನಿ," ಎಂದ ಮಾವ. ದನಿಯಲ್ಲಿ ಸಿಟ್ಟಿರಲಿಲ್ಲ. "ಖರೆ ಹೇಳು, ಹೊಳಿ ಸುಳ್ಳ ಹೇಳಾಕತ್ತೈತೋ, ನೀ ಹೇಳಾಕತ್ತೀಯೋ?"

"ನೋಡತೀನಿ ಮಾಮಾ."

"ನೋಡು. ನಾವೂ ಅದನ್ನ ನೋಡಾಕತ್ತೇವಿ."

ಮಾವನ ದನಿಯ ಹಿಂದೆ ಅತ್ತೆ ಹೊಳೆವ್ವ ಕುರಿಮರಿಗಳನ್ನು ಹೆಸರು ಹಿಡಿದು ಕರೆಯುವುದು ಕೇಳಿಸುತ್ತಿತ್ತು. ಫೋನು ಕಡಿಯಿತು.

ಪರಮೇಶ ಕೂತಿದ್ದ ಬನಹಟ್ಟಿಯ ಮಾಳಿಗೆಯ ಕೋಣೆ ಕೆಳಗಿನ ಮಗ್ಗಗಳ ಸದ್ದಿಗೆ ನಡುಗುತ್ತಲೇ ಇರುತ್ತದೆ. ಅವನು ಕುರ್ಚಿಯನ್ನು ತೆರೆಯ ಹತ್ತಿರಕ್ಕೆ ಎಳೆದುಕೊಂಡ.

ನೀರಿನ ಮಟ್ಟ ದೂರದ ಸರ್ವರಿನಲ್ಲಿರುತ್ತದೆ. ಅವನು ಕಟ್ಟಿದ ಪುಟ ಎಪಿಐ ಎಂಬ ಕೊಂಡಿಯ ಮೂಲಕ ಅದನ್ನು ಕೇಳಿ ತಂದು ಕುರಿಗಾರರ ಫೋನಿನಲ್ಲಿ ತೋರಿಸಬೇಕು. ಬೇಸಿಗೆಯಲ್ಲಿ, ಕುರಿಗಾರರ ಸಂಘದವರ ಮುಂದೆ ಪುಟ ತೋರಿಸುವ ದಿನ, ಸರ್ವರ್ ಉತ್ತರ ಕೊಡಲಿಲ್ಲ. ಖಾಲಿ ತೆರೆ ತೋರಿಸುವುದು ಹೇಗೆ? ಉತ್ತರ ಬಾರದಿದ್ದರೆ ಹಸಿರು ತೋರಿಸು ಎಂದು ಒಂದು ಸಾಲು ಬರೆದ. ಯಾರು ಏನು ಕೇಳಿದರೂ 'ಆರಾಮ' ಎನ್ನುವವನಿಗೆ ಅದು ಕಷ್ಟವಾಗಲಿಲ್ಲ. ಸಂಘದವರು ಮೆಚ್ಚಿ ಅವನಿಗೆ ಕಂಬಳಿ ಹೊದಿಸಿದರು. ಆ ಸಾಲು ಆಮೇಲೆ ತೆಗೆದರಾಯಿತು ಅಂದುಕೊಂಡಿದ್ದ.

ಕಂಬಳಿ ಈಗಲೂ ಕುರ್ಚಿಯ ಬೆನ್ನಿಗಿತ್ತು.

ಈಗ ಸರ್ವರ್‌ನಿಂದ ನೀರಿನ ಮಟ್ಟ ಕೇಳಿ ನೋಡಿದ. ಉತ್ತರವಿಲ್ಲ. ಎಂದಿನಿಂದ ಇಲ್ಲ? ಹಸಿರಿನ ಹಿಂದೆ ಅದು ತಿಳಿಯುವಂತಿರಲಿಲ್ಲ.

ಹೊಳೆದಂಡೆಯ ತುಬಚಿಯಲ್ಲಿ ದೋಣಿ ನಡೆಸುವ ಶಿವಪುತ್ರನಿಗೆ ಫೋನು ಹಚ್ಚಿದ. ನಡುಗಡ್ಡೆಗೆ ದೋಣಿ ಒಯ್ಯಿರಿ, ಮಾವ ಅಲ್ಲಿದ್ದಾನೆ ಎಂದ.

ಶಿವಪುತ್ರ ನಕ್ಕ. "ಹಸರ ತೋರಸಾಕತ್ತೈತಲ್ರಿ ಸರ. ನೀವ ಮಾಡಿದ್ದು, ನಿಮಗ ನಂಬಿಕಿ ಇಲ್ಲೇನ್ರಿ?"

ಅದು ಸುಳ್ಳು ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಅದು... ಒಮ್ಮೊಮ್ಮೆ ತಡಾ ಆಗತೈತ್ರಿ. ಒಂದ್ಸಲ ನೋಡಿ ಬರ್ರಿ."

"ಆತ್ರಿ. ಉಂಡು ಹೊಕ್ಕೇನಿ."

ಪರಮೇಶ ಆ ಸಾಲು ಅಳಿಸಿದ. ಹಸಿರು ಹೋಯಿತು. ತೆರೆ ಬಿಳಿಯಾಗಿ ಉಳಿಯಿತು. ಅದು ಮೊದಲ ಸಲ ಖರೆ ಹೇಳಿತ್ತು, ಕೇಳುವವರಿಗೆ ಹೊತ್ತು ಮೀರಿತ್ತು.

ಮಾವನಿಗೆ ಮತ್ತೆ ಫೋನು ಮಾಡಿದ. ಕರೆ ಹೋಯಿತು. ಕಿವಿಯಲ್ಲಿ ಬೀರೇಶ್ವರನ ಡೊಳ್ಳಿನ ಪದ ಶುರುವಾಯಿತು. ಹೋದ ವರ್ಷ ಪರಮೇಶನೇ ಮಾವನ ಫೋನಿಗೆ ಕಾಲರ್ ಟ್ಯೂನ್ ಆಗಿ ಹಾಕಿಸಿಕೊಟ್ಟಿದ್ದ ಪದ. ಯಾರೂ ಎತ್ತಲಿಲ್ಲ.

ಪದ ಮುಗಿದು ಮೊದಲಿನಿಂದ ಶುರುವಾಯಿತು, ಅಷ್ಟೇ ಉಮೇದಿನಲ್ಲಿ.