ಬ್ರೇಕ್ ಕೂಡಿಸಿದವನ ಸೀಟು

ಭಾಲ್ಕಿಯ ಬೇಳೆ ಮಿಲ್ಲಿನ ಮಾಲೀಕ ದತ್ತಾತ್ರಿ ತನ್ನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರನ್ನು ಚಿದ್ರಿಯ ಬ್ರೇಕ್ ಅಂಗಡಿಯ ಮುಂದೆ ನಿಲ್ಲಿಸಿದ. ಅದು ನಿಲ್ಲಲಿಲ್ಲ. ನಾಲ್ಕು ಮಾರು ಮುಂದೆ ಹೋಗಿ, ಪಂಕ್ಚರ್ ಅಂಗಡಿಯವನು ಒಟ್ಟಿದ್ದ ಟೈರಿನ ಗುಡ್ಡೆಗೆ ಮೂತಿ ತಾಗಿಸಿ ನಿಂತಿತು.

ಖಾಸಿಂ ಅಲಿ ಲಾರಿಯ ಕೆಳಗಿನಿಂದ ತಲೆ ಹೊರಹಾಕಿದ. ಮೂವತ್ತೆರಡು ವರ್ಷ ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರುಗಳಿಗೆ ಬ್ರೇಕ್ ಕೂಡಿಸಿದ ಕೈ ಅವನದು. ಹೊರಟಲ್ಲಿಗೇ ಮರಳಿ ಬರಲು ಅಷ್ಟು ಜೋರಾಗಿ ಓಡುವ ರೇಸಿನ ಮಂದಿಯನ್ನು ಕಂಡರೆ ಅವನಿಗೆ ನಗುವೂ ಬರುತ್ತಿರಲಿಲ್ಲ.

"ಏನ್ರಿ ಸಾವ್ಕಾರ್ರ, ಗಾಡಿ ನಿಲ್ಲಸೂದು ಟೈರಿನ ಗುಡ್ಡಿಗಿ ಒಪ್ಪಿಸೀರೇನು?"

"ಮುಂದಿನ ಗಾಲಿಗಿ ರೇಸಿನ ದೊಡ್ಡ ಬ್ರೇಕ್ ಹಾಕ್ಸೀನ್ರಿ ಖಾಸಿಂಭಾಯಿ. ಪೆಡಲ್ ಒಂದೀಟ ಮೆತ್ತಗ ಅದ. ಒಳಗ ಗಾಳಿ ಅದ ಅಂತ. ಅಷ್ಟ ತೆಗದ್ ಕೊಡ್ರಿ."

ಔರಾದ ದಾರಿಯಲ್ಲಿ ಒಂದು ಲೇಔಟು, ಪ್ಲಾಟುಗಳು ಮಾರಾಟವಾಗದೆ, ಖಾಲಿ ಬಿದ್ದಿತ್ತು. ಡಾಂಬರು ರಸ್ತೆಗಳಿದ್ದವು, ಮನೆಗಳಿರಲಿಲ್ಲ. ಭಾನುವಾರ ಅಲ್ಲಿ ಗಡಿಯಾರ ಹಿಡಿದು ಒಬ್ಬೊಬ್ಬರಾಗಿ ಕಾರು ಓಡಿಸುವ ಪಂದ್ಯ. ಕೊನೆಯ ತಿರುವಿನ ನೇರಕ್ಕೆ, ಯಾರೂ ಮುಚ್ಚಿಸದ ಹಳೆಯ ಬಾವಿ. ದತ್ತಾತ್ರಿಯ ಷಡ್ಡಕ ಉತ್ತಮನೂ ಓಡಿಸುವವನಿದ್ದ. "ನಿನ್ನ ಗಾಡಿ ಮದುಮಗನ್ನ ಕೂಡ್ಸಿ ಮೆರವಣಿಗಿ ಮಾಡ್ಲಾಕ ಲಾಯಕ್" ಎಂದು ಅವನು ಬೀಗರೆದುರು ಆಡಿದ ಮಾತು ದತ್ತಾತ್ರಿಯ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು.

ಖಾಸಿಂ ಅಲಿ ಮುಂದಿನ ಗಾಲಿ ಬಿಚ್ಚಿದ. ಒಳಗೆ ಹಿಟ್ಟು ಕಲಸುವ ಪರಾತದಷ್ಟು ದೊಡ್ಡ ಡಿಸ್ಕು, ಅದನ್ನು ಕಚ್ಚಿ ಹಿಡಿಯುವ ಕ್ಯಾಲಿಪರಿಗೆ ಮದುವೆ ಮನೆಯ ಬಣ್ಣ. ಬಗ್ಗಿ ನೋಡಿ, ಆಚೆ ಹೋಗಿ ಇನ್ನೊಂದು ಗಾಲಿಯನ್ನೂ ಬಿಚ್ಚಿ ನೋಡಿ, ಪಕ್ಕಕ್ಕೆ ತಿರುಗಿ ಉಗಿದ.

"ಯಾರ್ ಕೂಡಿಸ್ಯಾರ್ರಿ ಇದು?"

"ಗೌರವ ಅಂತ ಒಬ್ಬ ಹುಡುಗ. ರಿಂಗ್ ರೋಡಿನ್ಯಾಗ ಎಸಿ ಅಂಗಡಿ ಅದ ನೋಡ್ರಿ, ಅವ."

"ಎಸಿಯಾಗ ಕುಂತು ಎಡಾ-ಬಲಾ ಮರ್ತಾನ. ಎಡಗಡಿದು ಬಲಕ್ಕ, ಬಲಗಡಿದು ಎಡಕ್ಕ. ಗಾಳಿ ತೆಗಿಯೂ ನಿಪ್ಪಲ್ ಮ್ಯಾಲಿರಬೇಕು. ಇಲ್ಲಿ ನೆಲಾ ನೋಡ್ಲಕತ್ತದ. ಗಾಳಿ ಎಣ್ಣಿ ಮ್ಯಾಲ ಇರ್ತದ. ಕೆಳಗ ತೂತು ಬಿಚ್ಚಿದ್ರ ಎಣ್ಣಿ ಹೋಗ್ತದ, ಗಾಳಿ ಅಲ್ಲೇ ಕುಂತಿರ್ತದ. ಕಯಾಮತ್ ತನಾ, ಲೋಕಾ ಮುಳಗೂ ತನಾ ಬರಂಗಿಲ್ಲ."

ದತ್ತಾತ್ರಿಯ ಮುಖ ಗಂಟಾಯಿತು. "ಅವ ಹೈದರಾಬಾದಿನ್ಯಾಗ ಕಲ್ತಾನ್ರಿ. ನೀವು ಲಾರಿ ಮಂದಿ. ರೇಸಿಂದು ನಿಮಗ ಹ್ಯಾಂಗ ತಿಳೀತದ?"

"ಖರೇನ ತಿಳಿಯಂಗಿಲ್ರಿ. ಆದ್ರ ನಮ್ಮ ಉಸ್ತಾದ ಒಂದು ಮಾತು ಕಲಿಸ್ಯಾನ. ಬ್ರೇಕ್ ಕೂಡಿಸಿದಂವ ಗಾಡಿ ಮೊದಲನೇ ಫೇರಿ ಹೊಂಟಾಗ ಡ್ರೈವರನ ಬಾಜೂಕ ಕೂಡಬೇಕು. ಕರೀರಿ ಅವನಿಗಿ. ಅವ ಕುಂತ್ರ ನಾ ಬಾಯಿ ಮುಚ್ಚತೀನಿ."

ಅರ್ಧ ಗಂಟೆಯಲ್ಲಿ ಗೌರವ ಬಂದ. ಬಿಳಿಯ ಬೂಟು, ಕೈಯಲ್ಲಿ ಎರಡು ಫೋನು. ವಿಷಯ ಕೇಳಿ ನಕ್ಕ.

"ಚಾಚಾ, ರೇಸಿನ ಗಾಡಿಗಿ ಒಬ್ಬರೇ ಇರ್ಬೇಕ್ರಿ. ಇಬ್ಬರು ಕುಂತ್ರ ವೇಟ್ ಜಾಸ್ತಿ ಆಗ್ತದ."

"ವೇಟ್! ನಮ್ಮ ಆಟೋದವ್ರು ಹನ್ನೊಂದು ಮಂದಿ ತುಂಬ್ಕೊಂಡು ನಿಲ್ಲಸ್ತಾರ. ನಿನ್ನ ಬ್ರೇಕಿಗಿ ನೀನೇ ಭಾರ ಆದೇನಪಾ?"

"ನನ್ನ ಬೆನ್ನೂ ನೋಯ್ಲಕತ್ತದ..."

ದತ್ತಾತ್ರಿ ಹೋಗಿ ಎಡಗಡೆಯ ಬಾಗಿಲು ತೆರೆದು ಹಿಡಿದು ನಿಂತ. ಗೌರವ ಆ ಸೀಟನ್ನು ಹಲ್ಲು ಕೀಳುವ ಡಾಕ್ಟರನ ಕುರ್ಚಿಯನ್ನು ನೋಡುವಂತೆ ನೋಡಿದ. ಒಂದು ಫೋನನ್ನು ಕಿವಿಗಿಟ್ಟ. ಅದು ರಿಂಗಾಗಿಯೇ ಇರಲಿಲ್ಲ.

ದತ್ತಾತ್ರಿ ಬಾಗಿಲು ಹಾಕಿದ. "ಬಿಚ್ರಿ ಖಾಸಿಂಭಾಯಿ."

ಜಾರಿಕೊಳ್ಳಲು ನೋಡಿದ ಗೌರವನನ್ನು ಖಾಸಿಂ ಅಲಿ ಬಿಡಲಿಲ್ಲ. "ಎಲ್ಲಿ ಓಡ್ತಿ? ಬಿಳಿ ಬೂಟು ಬಿಚ್ಚಿಟ್ಟು ಒಳಗ ಕೂಡು. ನಾ ಅಂದಾಗ ಪೆಡಲ್ ತುಳಿ. ನಾಳಿ ಇನ್ನೊಬ್ಬನ ಗಾಡಿಗಿ ಹಿಂಗ ಮಾಡಬ್ಯಾಡ."

ಎರಡೂ ಕ್ಯಾಲಿಪರುಗಳನ್ನು ಅದಲುಬದಲು ಮಾಡಿ, ನಿಪ್ಪಲಿಗೆ ಪೈಪು ಸಿಕ್ಕಿಸಿ ಬಿಚ್ಚಿದರೆ, ಪೈಪಿನ ತುದಿಯ ಬಾಟಲಿಯಲ್ಲಿ ಗುಳ್ಳೆಗಳು ಸಾಲುಗಟ್ಟಿ ಬಂದವು. ಬಾಗಿಲಿನಿಂದ ಬಗ್ಗಿ ನೋಡಿದ ಗೌರವನ ಕಿವಿ ಕೆಂಪಾದವು. ಹತ್ತು ನಿಮಿಷದಲ್ಲಿ ಪೆಡಲ್ ಕಲ್ಲಾಯಿತು.

ಮೊದಲನೆಯ ಫೇರಿಗೆ ಖಾಸಿಂ ಅಲಿಯೇ ಕುಳಿತ, ಮೊಣಕಾಲು ಗಡ್ಡಕ್ಕೆ ತಾಗುವಂತೆ ಮಡಚಿಕೊಂಡು. ಇಳಿಜಾರಿನಲ್ಲಿ ದತ್ತಾತ್ರಿ ಒಮ್ಮೆಲೆ ಪೆಡಲ್ ತುಳಿದಾಗ ಟೋಪಿ ಹಾರಿ ಮುಂದಿನ ಗಾಜಿಗೆ ಬಡಿಯಿತು. ಗಾಲಿಗಳು ಗಕ್ಕನೆ ನಿಂತವು, ಆದರೆ ಗಾಡಿ ತುಸು ಜಾರಿ, ಆಮೇಲೆ ನಿಂತಿತು.

"ಹ್ಯಾಂಗದ?" ದತ್ತಾತ್ರಿ ಹಿಗ್ಗಿದ.

"ಬ್ರೇಕ್ ಚಲೋ ಅದ. ಟೈರ್ ನಿಮ್ಮ ಮಿಲ್ಲಿನಕಿಂತ ಹಳೀವು. ಗಾಲಿ ನಿಂತ್ರ ಗಾಡಿ ನಿಂತಂಗಲ್ರಿ. ಅವನ್ನ ಬದಲಿ ಮಾಡದೆ ಬಾವಿ ಕಡಿ ಹೋಗಬ್ಯಾಡ್ರಿ."

ದತ್ತಾತ್ರಿ ಅಂದೇ ಟೈರು ಬದಲಿಸಿದ.

ಭಾನುವಾರ ಆರು ಮಂದಿಯಲ್ಲಿ ಅವನು ಐದನೆಯವನಾದ. ಉತ್ತಮ ಹೊಟ್ಟೆ ಹಿಡಿದು ನಕ್ಕ. ಆದರೆ ಕೊನೆಯ ತಿರುವಿನಲ್ಲಿ ಕೆಂಪು ಕಾರು ಹಗ್ಗ ಜಗ್ಗಿದ ಹೋರಿಯಂತೆ ತಲೆ ತಗ್ಗಿಸಿ, ತಿರುಗಿ, ಬಾವಿಗೆ ಬೆನ್ನು ಹಾಕಿ ಹೋಗಿತ್ತು. ಆ ಬಾವಿಯ ಕಟ್ಟೆಯ ಮೇಲೆ, ಬೆಳಗಿನಿಂದಲೂ, ಖಾಸಿಂ ಅಲಿ ಕಾಲು ಇಳಿಬಿಟ್ಟು ಕುಳಿತು ಶೇಂಗಾ ಸುಲಿಯುತ್ತಿದ್ದ.

ದತ್ತಾತ್ರಿ ಓಡಿ ಬಂದ. "ಹುಚ್ಚೇನ್ರಿ ನಿಮಗ? ಬ್ರೇಕ್ ಹತ್ತದಿದ್ರ ಮೊದಲು ನೀವೇ ಬಾವ್ಯಾಗ!"

"ರೇಸಿನ್ಯಾಗ ಬಾಜೂಕ ಕೂಡ್ಲಾಕ ಬಿಡಂಗಿಲ್ಲಂತಲ್ರಿ," ಖಾಸಿಂ ಅಲಿ ಸಿಪ್ಪೆ ಊದಿ ಹಾರಿಸಿದ. "ಮತ್ತೆಲ್ಲಿ ಕೂಡ್ಲಿ?"