ಎದುರು ನಿಂತು ಕಲಿತವಳು

ಒಳಗೆ ಯಾರೋ ಮರಿಂಬಾದ ಮರದ ಪಟ್ಟಿಗಳ ಮೇಲೆ, ಏರು ಸ್ವರಗಳಲ್ಲಿ, ಕೋಲು ಓಡಿಸುತ್ತಿದ್ದಾರೆ, ಬಾಗಿಲು ಮುಚ್ಚಿದ್ದರೂ ಕೇಳಿಸುತ್ತದೆ, ಕೈ ಬಲು ಚುರುಕು, ಹಾಳಾಗಿ ಹೋಗಲಿ, ಅಲ್ಲ, ಹಾಗನ್ನಬಾರದು, ನುಡಿಸಲಿ ಪಾಪ, ಆದರೆ ಇಷ್ಟು ಚೆನ್ನಾಗಿ ಯಾಕೆ ನುಡಿಸಬೇಕು — ನನ್ನ ಬೆರಳು ಆಗಲೇ ತೊಡೆಯ ಮೇಲೆ ಅದೇ ಸ್ವರ ಹುಡುಕುತ್ತಿವೆ, ಸ್ವರ ಏರಿದ ಹಾಗೆ ಎಡಕ್ಕೆ ಹೋಗುತ್ತಿವೆ, ನೋಡು, ಮತ್ತೆ ಎಡಕ್ಕೆ, ಅಂಗಡಿಯಲ್ಲಿ ಸಿಗುವ ಯಾವ ಮರಿಂಬಾ ಮುಂದೆ ನಿಂತರೂ ತಗ್ಗು ಸ್ವರದ ದಪ್ಪ ಪಟ್ಟಿ ಎಡಗೈಗೆ, ಏರು ಸ್ವರದ ಸಣ್ಣ ಪಟ್ಟಿ ಬಲಗೈಗೆ, ನನಗೊಬ್ಬಳಿಗೆ ಉಲ್ಟಾ. ವಾದ್ಯವನ್ನು ಬೈಯುವ ಹಾಗಿಲ್ಲ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೈದರೆ ನಮ್ಮ ಮನೆಯ ಆ ಚಿಕ್ಕ ಕೋಣೆಯನ್ನು ಬೈಯಬೇಕು, ಮರಿಂಬಾ ಇಟ್ಟ ಮೇಲೆ ಗೋಡೆಯ ಕಡೆ, ನುಡಿಸುವ ಬದಿಗೆ, ಉಳಿದದ್ದು ಒಬ್ಬರು ನಿಲ್ಲುವಷ್ಟು ಜಾಗ, ಅಲ್ಲಿ ಅಕ್ಕ, ಈಚೆ ಬಾಗಿಲ ಬದಿಗೆ ನಾನು, ಸ್ಟೂಲ್ ಮೇಲೆ ನಿಂತು, ಅವಳ ಎದುರು. ನಾನು ಮಾಡಿದ ಹಾಗೆ ಮಾಡೇ ಅಂದಳು, ಮಾಡಿದೆ, ಅವಳ ಬಲಗೈ ಏರಿದರೆ ನನ್ನ ಎಡಗೈ ಏರಿತು, ಪಟ್ಟಿಗಳ ಎರಡು ಸಾಲಿನಲ್ಲಿ ಎಲ್ಲರಿಗೂ ದೂರವಿರುವ ಎತ್ತರದ ಸಾಲು ನನ್ನ ಹೊಟ್ಟೆಗೆ ತಾಗುತ್ತಿತ್ತು, ಅಮ್ಮ ಇಣುಕಿ, ಎದುರುಬದುರು ನಿಂತು ಜಗಳ ಆಡೋದಕ್ಕಿಂತ ಇದೇ ವಾಸಿ ಬಿಡ್ರೇ ಅಂದು ಹೋದಳು, ಹುಡುಗಿ ತಲೆಕೆಳಗಾಗಿ ಕಲಿಯುತ್ತಿದ್ದಾಳೆ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ಜನಕ್ಕೆ ನಾವಿಬ್ಬರು ಹಿಡಿಸಿಬಿಟ್ಟಿದ್ದೆವು, ಒಂದು ವಾದ್ಯ, ಎರಡು ಮುಖ, ನಾಲ್ಕು ಕೈ. ಎಲ್ಲೋ ಒಂದೇ ವಾದ್ಯದ ಎರಡು ಬದಿಗೂ ಕೂತು ನುಡಿಸುವ ಜನರಿದ್ದಾರಂತೆ, ಇನ್ನೆಲ್ಲೋ ದಪ್ಪ ಪಟ್ಟಿ ನಡುವೆಯೇ ಇರುತ್ತದಂತೆ, ಸಣ್ಣವು ಎರಡು ಪಕ್ಕಕ್ಕೂ, ಅಲ್ಲಿ ಹುಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ, ಇಲ್ಲಿ ಹುಟ್ಟಿದೆ.

ನಿಂತಿತು. ಮುಗಿಸಿದರೋ, ತಪ್ಪಿದರೋ — ಇಲ್ಲ, ಮತ್ತೆ ಶುರು, ಇದು ನಿಧಾನದ್ದು, ನಿಧಾನದ್ದಾದರೆ ನಾನೂ ಸರಿಯಾದ ಬದಿಗೆ ನಿಂತು ನುಡಿಸಬಲ್ಲೆ, ಮೂರು ತಿಂಗಳಿಂದ ಅದೇ ಕೆಲಸ, ವೇಗ ಬಂತೋ ಕೈ ತವರಿಗೆ ಓಡಿಬಿಡುತ್ತದೆ, ಬಲಕ್ಕೆ ಹೋಗು ಅಂದರೆ ಎಡಕ್ಕೆ, ಹುಟ್ಟುಗುಣ ಸುಟ್ಟರೂ ಹೋಗದು. ಇವತ್ತು ಆಯ್ಕೆ ನಡೆಸುತ್ತಿರುವ ಈ ವಾದ್ಯವೃಂದದಲ್ಲಿ ಖಾಲಿಯಾಗಿರುವುದು ಅಕ್ಕನ ಜಾಗ, ಅವಳ ಮಣಿಕಟ್ಟು ಕೈಕೊಟ್ಟ ಮೇಲೆ, ಈಗ ಆರಿಸುವವರ ಸಾಲಿನಲ್ಲಿ ಕೂತಿದ್ದಾಳೆ, ಪರದೆಯ ಆಚೆ, ಯಾರು ನುಡಿಸಿದರೆಂದು ತಿಳಿಯಬಾರದು, ಮಾತಾಡಬಾರದು, ಚಪ್ಪಲಿಯ ಸದ್ದೂ ಆಗಬಾರದು, ತಮ್ಮ ಸಂಬಂಧಿಕರು ಬಂದದ್ದು ಗೊತ್ತಾದರೆ ಆರಿಸುವವರು ಎದ್ದು ಹೋಗಬೇಕು, ಬಂದವರೂ ವಾಪಸ್ಸು. ನಾನು ಅರ್ಜಿ ಹಾಕುವುದಿಲ್ಲ ಎಂದು ಅಕ್ಕನಿಗೆ ಹೇಳಿದ್ದೆ. ಹಾಕಿದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಅವತ್ತು ಬಟ್ಟೆ ಮಡಿಸುತ್ತ ಅವಳು ಹಾಗೆ ಕೇಳಿದ್ದಕ್ಕೆ ಹೇಳಿದ್ದು, ನೀನು ನನ್ನ ಮುಖ ನೋಡಿ ಕಲಿತವಳು ಕಣೇ, ಅಲ್ಲಿ ನಿನ್ನ ಎದುರು ನಿಲ್ಲೋರು ಯಾರು, ಮೆತ್ತಗೆ ಕೇಳಿದಳು, ಕೊಂಕಿಲ್ಲ, ಅದಕ್ಕೇ ಉರಿಯಿತು, ಅವಳ ಮೇಲೆ ಸಿಟ್ಟು ಬಂತು, ಅವಳ ಊದಿದ ಕೈ ನೋಡಿ ಅಳುವೂ ಬಂತು, ಎರಡನ್ನೂ ನುಂಗಿ ಒಂದು ಲಂಗ ಮಡಿಸಿಟ್ಟೆ. ಈ ಜಾಗ ನನಗೆ ಬೇಕು. ಅಕ್ಕನ ತಂಗಿ ಅಂತ ಅಲ್ಲ, ನನಗೆ ಬೇಕು.

ಬನ್ನಿ, ಚಪ್ಪಲಿ ಇಲ್ಲೇ ಬಿಡಿ, ಬಾಗಿಲಿನವಳು ಕರೆಯುತ್ತಿದ್ದಾಳೆ, ಕಾಲು ಆಗಲೇ ನೆಲಹಾಸಿನ ಮೇಲೆ, ತಣ್ಣಗೆ, ಅಲ್ಲಿದೆ ಮರಿಂಬಾ, ದಪ್ಪ ಪಟ್ಟಿ ಎಡಕ್ಕೆ, ಸಣ್ಣವು ಬಲಕ್ಕೆ, ಎಲ್ಲರಿಗೂ ಇರುವ ಹಾಗೆ, ಸರಿಯಾದ ಬದಿಯಲ್ಲೇ ನಿಲ್ಲು, ನಿಧಾನ ಮಾಡಿ ನುಡಿಸಿಬಿಡು, ನಿಧಾನ ಮಾಡಿದರೆ ಜಾಗ ಹೋಯಿತು, ಆಚೆ ಬದಿಗೆ ಹೋಗಿ ನಿಲ್ಲೋಣವೆಂದರೆ ಪರದೆ ಅಡ್ಡ, ಏನಾದ್ರೂ ಸರಿಸ್ಬೇಕಾ, ಸಹಾಯಕ ಪಿಸುಗುಡುತ್ತಾನೆ, ನಾನು ಬಾಯಿ ಬಿಡುವ ಹಾಗಿಲ್ಲ, ಕೈ ಎತ್ತಿ ಗಾಳಿಯಲ್ಲಿ ಅರ್ಧ ಸುತ್ತು ತೋರಿಸುತ್ತೇನೆ, ಅವನಿಗೆ ಅರ್ಥವಾಗದು, ಮತ್ತೆ ತೋರಿಸುತ್ತೇನೆ, ಹಿಂದುಮುಂದಾಗೋ ಹಾಗಾ, ತಲೆಯಾಡಿಸುತ್ತೇನೆ — ಗಾಲಿಗಳು ಕಿರ್ರೆಂದು ಕಿರುಚುತ್ತ ತಿರುಗಿದವು, ಆಚೆ ಯಾರೋ ಕೆಮ್ಮಿದರು, ಮರಿಂಬಾ ತಿರುಗಿಸಿ ನುಡಿಸುವವಳು ಈ ಊರಿಗೆಲ್ಲ ಒಬ್ಬಳೇ, ಅಕ್ಕನಿಗೆ ಗೊತ್ತಾಯಿತು, ಗೊತ್ತಾಗದೆ ಇರುತ್ತದೆಯೇ, ಈಗ ಹೇಳುತ್ತಾಳೆ, ಇವಳು ನನ್ನ ತಂಗಿ, ಕಳಿಸಿ ಅಂತ. ಹೇಳಲಿಲ್ಲ. ಎತ್ತರದ ಸಾಲು ಹೊಟ್ಟೆಗೆ ತಾಗಿತು, ಕೋಲು ಎತ್ತಿದೆ, ಪರದೆ ನೆಲದವರೆಗೆ ಇಲ್ಲ, ಒಂದು ಗೇಣು ಸಂದಿ, ಅದರಲ್ಲಿ ಪಾದಗಳು, ನೇರ ಎದುರಿಗೆ ಅಕ್ಕನವು, ಬಲ ಹಿಮ್ಮಡಿ ಮೇಲೆದ್ದಿದೆ, ಜೊತೆಗೆ ನುಡಿಸುವಾಗ ಪ್ರತಿ ಸಲವೂ ಹಾಗೇ ಎತ್ತುತ್ತಿದ್ದಳು, ಹಿಮ್ಮಡಿ ನೆಲ ಮುಟ್ಟಿತೋ ಇಬ್ಬರೂ ಶುರು, ಒಬ್ಬಳೇ ಅಭ್ಯಾಸ ಮಾಡುವಾಗಲೂ ಅದು ಕಣ್ಣಮುಂದೆ ಇಳಿಯದೆ ನನ್ನ ಕೈಯೂ ಇಳಿಯುವುದಿಲ್ಲ, ಇಳಿಸೇ ಅಕ್ಕಾ, ಇದೊಂದು ಸಲ, ಹಿಮ್ಮಡಿ ಹಾಗೇ ನಿಂತಿದೆ, ಯಾವಾಗ ಬೇಕಾದ್ರೂ ಶುರು ಮಾಡಿ ಅನ್ನುತ್ತಿದೆ ಆಚೆಯಿಂದ ಒಂದು ಗಂಡು ದನಿ, ಇಳಿಸೇ — ಎರಡೂ ಪಾದ ಮೆಲ್ಲಗೆ ಹಿಂದಕ್ಕೆ ಸರಿದವು, ಕುರ್ಚಿಯ ಕೆಳಗೆ, ಕಾಣದಷ್ಟು ಹಿಂದಕ್ಕೆ, ಎದ್ದು ಹೋಗಲಿಲ್ಲ, ಕುರ್ಚಿ ಅಲುಗಲಿಲ್ಲ, ಬೇಕೆಂದೇ, ಅಕ್ಕ ಬೇಕೆಂದೇ ಸರಿಸಿಕೊಂಡಳು, ಇನ್ನು ನೀನೇ ಶುರು ಮಾಡೇ ಅಂದ ಹಾಗೆ, ಸಂದಿಯಲ್ಲಿ ಪಾದವಿದ್ದಲ್ಲಿ ಈಗ ನೆಲ, ದೀಪ ಬಿದ್ದ ಖಾಲಿ ನೆಲ, ಖಾಲಿ ನೆಲ