ಕಿರ್ರ್ ಅನ್ನದ ತಂತಿ

ಹನ್ನೊಂದು ವರ್ಷದಿಂದ ಬೇಸ್ ಗಿಟಾರ್ ನುಡಿಸುತ್ತಿರುವ ನನ್ನನ್ನು ಕಾರ್ಯಕ್ರಮ ಮುಗಿದ ಮೇಲೆ ಜನ ಹುಡುಕಿಕೊಂಡು ಬಂದು ಕೇಳಿರುವುದು ಎರಡೇ ಪ್ರಶ್ನೆ. ಪ್ರಸಾದ ಎಲ್ಲಿ ಕೊಡ್ತಿದಾರೆ? ಆ ಕೀಬೋರ್ಡ್ ನುಡಿಸಿದವರು ಮನೆಗೆ ಬಂದು ಪಾಠ ಹೇಳಿಕೊಡ್ತಾರಾ? ಬೇಸ್ ಅನ್ನುವುದು ಹಾಡಿನ ತಳದಲ್ಲಿ ದುಮ್ ದುಮ್ ಎಂದುಕೊಂಡಿರುವ ದಪ್ಪ ದನಿ. ಅದು ಇದ್ದಾಗ ಯಾರಿಗೂ ಗೊತ್ತಾಗುವುದಿಲ್ಲ, ಇಲ್ಲದಿದ್ದಾಗ ಗೊತ್ತಾಗುತ್ತದೆ ಎಂದು ನಾನು ಹೆಂಡತಿ ಮೈತ್ರೇಯಿಗೆ ಹೇಳುತ್ತಲೇ ಬಂದಿದ್ದೇನೆ. "ಒಂದ್ಸಲ ಇಲ್ದೆ ನೋಡೇಬಿಡೋಣ ರೀ" ಎನ್ನುತ್ತಾಳೆ ಅವಳು.

ನಮ್ಮದು ಹಳೆಯ ಹಾಡುಗಳ ಮೂರು ಜನರ ತಂಡ. ಹಾಡುವವರು ಸೀತಾಲಕ್ಷ್ಮಿ ಮಿಸ್. ಜಯನಗರದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಹತ್ತನೇ ಕ್ಲಾಸಿನಲ್ಲಿ ನನಗೂ ಹೇಳಿಕೊಟ್ಟು ಸೋತವರು. ಅವರಿಗೀಗ ಎಪ್ಪತ್ತೆರಡು, ನನಗೆ ನಲವತ್ತೊಂಬತ್ತು. ಆದರೂ ನನಗೆ ಅವರು ಮಿಸ್ಸೇ, ಅವರಿಗೆ ನಾನು 'ಲೋ ಸೀನು'. ಇನ್ನು ಕೀಬೋರ್ಡಿನ ಶ್ರೀಕರ್. ಅವನ ಪೆಟ್ಟಿಗೆಯೊಳಗೆ ತಬಲಾ, ಪಿಟೀಲು, ಕೊಳಲು, ಎಲ್ಲ ಇವೆ. ಬೇಸ್ ಕೂಡ ಇದೆ ಎಂಬುದನ್ನು ನಾನು ಬೇಕೆಂದೇ ಮರೆತಿದ್ದೆ.

ಈ ಸಲ ಗಣೇಶನ ಹಬ್ಬಕ್ಕೆ ಜೆ.ಪಿ. ನಗರದ ಅಪಾರ್ಟ್‌ಮೆಂಟೊಂದರಲ್ಲಿ ಹಾಡಿದೆವು. ಯಾರೋ ಅದರ ವಿಡಿಯೊ ಮಾಡಿ ಅವರ ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಳಗೆ ಒಬ್ಬ ಆಂಟಿ ಬರೆದರು: "ಮೇಡಂ ಅವರ ದನಿ ಅದ್ಭುತ. ಆದರೆ ಹಿಂದೆ ಯಾರೋ ತೆಂಗಿನಕಾಯಿ ತುರೀತಿದ್ದಾರೆ. ಅಡುಗೆಮನೆ ಬಾಗಿಲು ಹಾಕಬಾರದಿತ್ತೇ?" ಅದಕ್ಕೆ ನಲವತ್ತೆರಡು ಜನ ನಗುವ ಮುಖ ಒತ್ತಿದ್ದರು.

ಅದು ಅಡುಗೆಮನೆಯಲ್ಲ, ನಾನು. ಮಾಮೂಲಿ ಬೇಸ್ ತಂತಿಯ ಮೇಲೆ ಇನ್ನೊಂದು ಸಣ್ಣ ತಂತಿಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಮೈಯೆಲ್ಲ ಗೀರು ಗೀರು. ಬೆರಳನ್ನು ಒಂದು ಸ್ವರದ ಮನೆಯಿಂದ ಇನ್ನೊಂದಕ್ಕೆ ಎಳೆದರೆ ಕಿರ್ರ್ ಅನ್ನುತ್ತದೆ. ಒಂದೊಂದು ಚರಣ ಶುರುವಾಗುವ ಮೊದಲೂ ನಾನು ಮೇಲಿನಿಂದ ಕೆಳಗಿನವರೆಗೆ ಬೆರಳೆಳೆದುಕೊಂಡು ಬರುವವನು. ಸ್ಟೈಲು!

ಭಾನುವಾರದ ಪ್ರಾಕ್ಟೀಸಿಗೆ ಮಿಸ್ ಮನೆಗೆ ಹೋದರೆ ಅವರು ಮೊಬೈಲ್ ಮುಂದೆ ಹಿಡಿದರು.

"ಲೋ ಸೀನು, ಮಾನ ಹೋಯ್ತಲ್ಲೋ. ನವರಾತ್ರಿಗೆ ಪದ್ಮನಾಭನಗರದಲ್ಲಿ ಪ್ರೋಗ್ರಾಂ ಇದೆ. ಅಷ್ಟರಲ್ಲಿ ಈ ಕಾಯಿ ತುರಿಯೋದು ನಿಲ್ಲಿಸ್ತೀಯೋ, ಇಲ್ಲಾ ಶ್ರೀಕರ್ ಎಡಗೈಲೇ ಬೇಸ್ ನುಡಿಸ್ಲೋ?"

ಶ್ರೀಕರ್ ಎಡಗೈಯಲ್ಲಿ ಎರಡು ಸಾಲು ನುಡಿಸಿ ತೋರಿಸಿದ. ಹಾಳಾದ್ದು, ನನಗಿಂತ ಚೆನ್ನಾಗಿತ್ತು. "ಸುಮ್ನೆ ಟ್ರೈ ಮಾಡ್ದೆ ಅಂಕಲ್" ಎಂದ.

ನಾನು ನಕ್ಕೆ. ಆದರೆ ಕಣ್ಣು ಆ ಎಡಗೈಯ ಮೇಲೇ ಇತ್ತು. ಇನ್ಶೂರೆನ್ಸ್ ಆಫೀಸಿನಲ್ಲಿ ನಾನು ರಜೆ ಹಾಕಿದರೆ ಕ್ಯಾಂಟೀನಿನವನಿಗೆ ಬಿಟ್ಟು ಯಾರಿಗೂ ಗೊತ್ತಾಗುವುದಿಲ್ಲ. ಮನೆಯಲ್ಲಿ ನಾನು ಗ್ಯಾಸ್ ಬುಕ್ ಮಾಡುವವನು. ಈ ಪ್ರಪಂಚದಲ್ಲಿ ನನಗೆಂದೇ ಒಂದು ಕುರ್ಚಿ ಹಾಕಿಡುವುದು ಆ ತಂಡದಲ್ಲಿ ಮಾತ್ರ. ಅದೂ ಹೋದರೆ ನಾನು ಏನೂ ಅಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಇದಕ್ಕೆ ಮದ್ದು ಫ್ಲ್ಯಾಟ್‌ವೌಂಡ್ ತಂತಿ. ಅದರ ಮೇಲೆ ಸುತ್ತುವುದು ಚಪ್ಪಟೆ ಪಟ್ಟಿಯನ್ನು, ಹಾಗಾಗಿ ಮೈ ನುಣ್ಣಗಿರುತ್ತದೆ. ಬೆರಳು ಹೇಗೆ ಎಳೆದರೂ ಸದ್ದಿಲ್ಲ. ಬುದ್ಧಿ ಇರುವವನು ಅಂಗಡಿಗೆ ಹೋಗಿ ಒಂದು ಸೆಟ್ ತರುತ್ತಿದ್ದ. ನಾನು ಇನ್ನೂರು ಪುಟದ ನೋಟ್‌ಬುಕ್ ತಂದೆ. ದಪ್ಪ ಎಷ್ಟು, ಬಿಗಿ ಎಷ್ಟು, ಉಕ್ಕೋ ನಿಕ್ಕಲ್ಲೋ ಎಂದು ಗೆರೆ ಎಳೆದು ಪಟ್ಟಿ ಮಾಡಿದೆ. ಆಫೀಸಿನ ಊಟದ ಹೊತ್ತಿನಲ್ಲಿ ಎಲ್ಲೆಲ್ಲಿಯವರೋ ಮಾಡಿದ ಮೂವತ್ತೇಳು ವಿಡಿಯೊ ನೋಡಿದೆ. ಹತ್ತನೇ ಕ್ಲಾಸಿನಲ್ಲಿ ಇಷ್ಟು ಓದಿದ್ದರೆ ಮಿಸ್ ನನ್ನ ಅಪ್ಪನನ್ನು ಶಾಲೆಗೆ ಕರೆಸುತ್ತಿರಲಿಲ್ಲ.

ಬಿ.ಟಿ.ಎಂ. ಲೇಔಟಿನಲ್ಲಿ ಮೌನೇಶನ ಗಿಟಾರ್ ಅಂಗಡಿ ಇದೆ. ಕೊಪ್ಪಳದ ಕಡೆಯವನು, ರಿಪೇರಿಯಲ್ಲಿ ಪಳಗಿದ ಕೈ. ಮೂರು ವಾರದಲ್ಲಿ ಐದು ಸಲ ಹೋಗಿ ಪ್ಯಾಕೆಟ್ಟುಗಳನ್ನು ಮುಟ್ಟಿ, ತಿರುಗಿಸಿ, ಓದಿ, ವಾಪಸ್ ಇಟ್ಟು ಬಂದೆ. ಐದನೇ ಸಲ ಅವನಿಗೂ ತಡೆಯಲಾಗಲಿಲ್ಲ.

"ಏನ್ರೀ ಸರ, ಕನ್ಯಾ ನೋಡಾಕ ಬಂದವರಂಗ ಮಾಡಾಕತ್ತೀರಲ್ರಿ. ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಸ್ತೀವಿ ಅಂತ ಎದ್ದು ಹೋಗೂದು."

"ಯಾವುದು ತಗೊಳ್ಳೋದು ಅಂತ ಗೊತ್ತಾಗ್ತಿಲ್ಲಪ್ಪ. ಸದ್ದು ಪೂರ್ತಿ ನಿಲ್ಬೇಕು."

ಅವನು ನನ್ನ ಕೈಗೆ ಒಂದು ಬೇಸ್ ಕೊಟ್ಟು ನುಡಿಸಿ ಎಂದ. ನುಡಿಸಿದೆ. ಕಿರ್ರ್.

"ಸದ್ದು ತಂತ್ಯಾಗ ಇಲ್ರಿ ಸರ, ನಿಮ್ಮ ಬೆರಳಿನ್ಯಾಗ ಐತಿ. ಎಳೀಬ್ಯಾಡ್ರಿ. ಬೆರಳು ಎತ್ತಿ ಇಡ್ರಿ."

"ಹನ್ನೊಂದು ವರ್ಷದಿಂದ ಹೀಗೇ ನುಡಿಸ್ತಿದೀನಿ" ಎಂದೆ, ಬಿಗಿಯಾಗಿ.

"ಹಂಗಾರ ತಂತಿನ ಬದ್ಲಿ ಮಾಡ್ರಿ. ಬೆರಳು ಸ್ಟಾಕ್ ಇಲ್ರಿ."

ಕಾರ್ಯಕ್ರಮದ ಹಿಂದಿನ ದಿನ, ಆರನೇ ಸಲ ಹೋದಾಗ, ಅವನೇ ಒಂದು ಸೆಟ್ ತೆಗೆದು ಕವರಿಗೆ ಹಾಕಿ ಕೈಗಿಟ್ಟ. ನನ್ನ ಇನ್ನೂರು ಪುಟದಲ್ಲಿ ಅದರ ಹೆಸರೇ ಇರಲಿಲ್ಲ. ಮನೆಗೆ ಬಂದು ಹಳೆಯ ತಂತಿಗಳನ್ನು ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿ ಬಿಸಾಕಿದೆ. ಮೈತ್ರೇಯಿ ಅವನ್ನು ಎತ್ತಿಕೊಂಡು ಬಾಗಿಲಿಗೆ ಮಾವಿನೆಲೆ ತೋರಣ ಕಟ್ಟಿದಳು. "ಈಗ ನೋಡಿ, ಯೂಸ್ ಆಯ್ತು" ಎಂದಳು. ಹೊಸ ತಂತಿ ಹಾಕಿ ಬೆರಳೆಳೆದೆ. ನಿಶ್ಶಬ್ದ. ಖುಷಿಯಲ್ಲಿ ಇನ್ನೂ ಹತ್ತು ಸಲ ಎಳೆದೆ. ಆದರೆ ಹೊಸ ತಂತಿಯಲ್ಲಿ ಒಂದು ಪ್ರಾಕ್ಟೀಸ್ ಮಾಡಲು ದಿನ ಉಳಿದಿರಲಿಲ್ಲ.

ಪದ್ಮನಾಭನಗರದಲ್ಲಿ ಹಲಗೆ ಜೋಡಿಸಿ ವೇದಿಕೆ ಮಾಡಿದ್ದರು. ಹಿಂಬದಿಯಲ್ಲಿ ಒಂಬತ್ತು ಮೆಟ್ಟಿಲಿನ ಗೊಂಬೆ. ನನಗೆ ಒಂದು ಕಬ್ಬಿಣದ ಮಡಚುವ ಕುರ್ಚಿ. ಮೊದಲನೆಯದು ದೇವರ ಹಾಡು. ಒಂದೇ ಬೀಸಿಗೆ ಹಾಡಿ ಮುಗಿಸುವಂಥದ್ದು. ದುಮ್ ದುಮ್, ನುಣ್ಣಗೆ, ದುಂಡಗೆ. ಕಾಯಿ ಇಲ್ಲ, ತುರಿ ಇಲ್ಲ. ಶ್ರೀಕರ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಆಹಾ, ಬಂದೆಯಾ ದಾರಿಗೆ ಅಂದುಕೊಂಡೆ.

ಎರಡನೆಯ ಹಾಡಿನಲ್ಲಿ ಪಲ್ಲವಿ ಮುಗಿದ ಮೇಲೆ ಉದ್ದನೆಯ ವಾದ್ಯ ಸಂಗೀತ. ಮಿಸ್ ಎಂದಿನಂತೆ ಕಣ್ಣು ಮುಚ್ಚಿ ನಿಂತಿದ್ದರು. ಶ್ರೀಕರ್ ಕೊಳಲಿನ ಸಾಲು ಮುಗಿಸಿದ. ನಾನು ಮೇಲಿನಿಂದ ಕೆಳಕ್ಕೆ ಸ್ಟೈಲಾಗಿ, ಸದ್ದಿಲ್ಲದೆ ಬೆರಳೆಳೆದೆ. ಮಿಸ್ ಚರಣ ಎತ್ತಿಕೊಳ್ಳಲಿಲ್ಲ. ಶ್ರೀಕರ್ ಇನ್ನೊಂದು ಸುತ್ತು ನುಡಿಸಿದ. ಮಿಸ್ ಕಣ್ಣು ಮುಚ್ಚಿಕೊಂಡೇ ಇದ್ದರು. ಮೂರನೇ ಸುತ್ತಿಗೆ ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ವಯಸ್ಸಾದವರು, ಸಾಲು ಮರೆತರೇನೋ ಎಂದು ಯಾರೋ ಪಿಸುಗುಟ್ಟಿದ್ದು ನನಗೂ ಕೇಳಿಸಿತು. 

ಮಿಸ್ ಒಂದು ಕಣ್ಣು ತೆರೆದು, ಮೈಕಿಗೆ ಕೈ ಅಡ್ಡ ಹಿಡಿದು, ನನ್ನತ್ತ ಬಾಗಿದರು. "ಲೋ ಸೀನು, ಎಲ್ಲೋ ಅದು?"

"ಯಾವುದು ಮಿಸ್?"

"ಅದೇ ಕಣೋ, ಕಿರ್ರ್! ಅದು ಬರ್ದೆ ನಾನು ಹೆಂಗೋ ಶುರು ಮಾಡ್ಲಿ?"

ಇನ್ನೊಂದು ಕೈಯಲ್ಲಿ ಬೇಗ ಬೇಗ ಎಂದು ಸನ್ನೆ ಮಾಡಿದರು. ಶಾಲೆಯಲ್ಲಿ ನಾವೆಲ್ಲ ಹೆದರುತ್ತಿದ್ದ ಆ ಕೈ. ನಾನು ಉಗುರಿನಲ್ಲಿ ತಂತಿ ಕೆರೆದೆ. ಏನೂ ಬರಲಿಲ್ಲ. ಮೂವತ್ತೇಳು ವಿಡಿಯೊ ನೋಡಿ ತಂದ ತಂತಿ, ಸದ್ದು ಮಾಡುತ್ತದೆಯೇ? ನಾಲ್ಕನೇ ಸುತ್ತೂ ಮುಗಿಯುತ್ತ ಬಂತು. ಬೇರೇನೂ ತೋಚದೆ, ಕಾಲು ಊರಿ ಕುರ್ಚಿಯನ್ನು ಹಿಂದಕ್ಕೆ ಎಳೆದೆ. ಹಲಗೆಯ ಮೇಲೆ ಕಬ್ಬಿಣ ಕಿರ್ರ್ ಎಂದಿತು.

ಮಿಸ್ ಕಣ್ಣು ಮುಚ್ಚಿ ಚರಣ ಎತ್ತಿಕೊಂಡರು. ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಆರು ಹಾಡು, ಹನ್ನೆರಡು ಚರಣ, ಹನ್ನೆರಡು ಸಲ ಕುರ್ಚಿ. ಇನ್ನೂ ಹಿಂದಕ್ಕೆ ಎಳೆದರೆ ಗೊಂಬೆ ಮೆಟ್ಟಿಲು, ಆದ್ದರಿಂದ ಪಕ್ಕಕ್ಕೆ ಎಳೆದೆ. ಕೊನೆಯ ಹಾಡಿನ ಹೊತ್ತಿಗೆ ನಾನು ಹೆಚ್ಚುಕಡಿಮೆ ಶ್ರೀಕರನ ತೊಡೆಯ ಮೇಲಿದ್ದೆ.

ಕೆಳಗಿಳಿದ ಮೇಲೆ ಮಿಸ್ ನನ್ನ ಮುಖ ನೋಡದೆ ಸೆರಗು ಸರಿಮಾಡಿಕೊಂಡರು. "ಮೂವತ್ತು ವರ್ಷ ಲೆಕ್ಕ ಹೇಳ್ಕೊಟ್ಟಿದೀನಿ, ಸ್ಟೇಜ್ ಮೇಲೆ ಎಣಿಸೋಕೆ ಬರಲ್ಲ ಕಣೋ. ನೀನು ಕಿರ್ರ್ ಅಂದ ತಕ್ಷಣ ಹೊರಡೋದು. ಅದು ಅಭ್ಯಾಸ ಆಗ್ಹೋಗಿದೆ ಅಂತ ನಂಗೇ ಗೊತ್ತಿರ್ಲಿಲ್ಲ."

"ಮತ್ತೆ ನನ್ನ ಬೇಸ್ ಮಿಸ್?"

"ಅದು ಇರತ್ತಲ್ಲ" ಎಂದರು, ಪುಳಿಯೋಗರೆಯ ದೊನ್ನೆ ತೆಗೆದುಕೊಳ್ಳುತ್ತಾ.

ಹನ್ನೊಂದು ವರ್ಷದ ದುಮ್ ದುಮ್‌ನಲ್ಲಿ ಅವರು ಕಿವಿಗೊಟ್ಟು ಕೇಳಿದ್ದು ನನ್ನ ತಪ್ಪನ್ನು ಮಾತ್ರ. ಬೇಜಾರಾಯಿತು. ಒಂದು ದೊನ್ನೆ ತಿನ್ನುವಷ್ಟು ಹೊತ್ತು ಬೇಜಾರಾಯಿತು. ಆಮೇಲೆ, ತಪ್ಪನ್ನಾದರೂ ಕಾಯುತ್ತಿದ್ದರಲ್ಲ ಎನಿಸಿ ಕಣ್ಣು ಒದ್ದೆಯಾಯಿತು. ಖಾರ ಜಾಸ್ತಿ ಎಂದು ಶ್ರೀಕರನಿಗೆ ಹೇಳಿದೆ.

ಮರುದಿನ ಅಲ್ಲಿಯ ವಾಟ್ಸಾಪ್ ಗುಂಪಿನಲ್ಲಿ ವಿಡಿಯೊ ಬಂತು. ಅದೇ ಆಂಟಿಗೆ ಅಲ್ಲೂ ನೆಂಟರಿರಬೇಕು. "ಈ ಸಲ ತೆಂಗಿನಕಾಯಿ ಇಲ್ಲ, ಸಂತೋಷ. ಆದರೆ ಯಾರೋ ಪದೇ ಪದೇ ಎದ್ದು ಹೋಗುತ್ತಿದ್ದಾರೆ" ಎಂದು ಬರೆದಿದ್ದರು.

ಭಾನುವಾರ ಹೆದರುತ್ತಲೇ ಪ್ರಾಕ್ಟೀಸಿಗೆ ಹೋದೆ. ಅದನ್ನು ಓದಿ ಮಿಸ್ ಏನನ್ನುತ್ತಾರೋ! ಹಾಲ್‌ನಲ್ಲಿ ನಾನು ಯಾವಾಗಲೂ ಕೂರುವ ಪ್ಲಾಸ್ಟಿಕ್ ಕುರ್ಚಿ ಇರಲಿಲ್ಲ. ಶ್ರೀಕರ್ ಎರಡೂ ಕೈ ಕೀಬೋರ್ಡಿನ ಮೇಲಿಟ್ಟುಕೊಂಡು ಕೂತಿದ್ದ. ಆಯಿತು, ಮುಗಿಯಿತು ಎಂದು ಗಿಟಾರಿನ ಚೀಲವನ್ನು ಹೆಗಲಿನಿಂದ ಇಳಿಸದೆ ಬಾಗಿಲಲ್ಲೇ ನಿಂತೆ.

ಮಿಸ್ ಒಳಗಿನಿಂದ ಒಂದು ಹಳೆಯ ಕಬ್ಬಿಣದ ಕುರ್ಚಿಯನ್ನು ಎರಡು ಕೈಯಲ್ಲಿ ಹಿಡಿದು ತಂದರು. ಅದರ ನಾಲ್ಕೂ ಕಾಲಿನ ರಬ್ಬರ್ ಬುಷ್ ಕಿತ್ತು ತೆಗೆದಿದ್ದರು. ನನ್ನ ಜಾಗದಲ್ಲಿ ಅದನ್ನಿಟ್ಟು, ಮೊಸಾಯಿಕ್ ನೆಲದ ಮೇಲೆ ಒಮ್ಮೆ ಎಳೆದು ನೋಡಿ ತಲೆದೂಗಿದರು.

"ಏನ್ ನಿಂತ್ಕೊಂಡೆ? ನಿನ್ನ ಕುರ್ಚಿ ಕಣೋ, ಕೂತ್ಕೋ."

ಕೂತೆ.